ಕ್ಲೋರಿನ್ ಹೊರಡುವ ದಿಕ್ಕು

(ಚಾಮರಾಜನಗರ ಸೀಮೆಯ ಉಡಿಗಾಲದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಮಂಟೇಸ್ವಾಮಿ, ಮಾದೇಶ್ವರರ ಕಾವ್ಯಗಳನ್ನು ರಾತ್ರಿಯಿಡೀ ಕೇಳಿ ಬೆಳೆದ ಸೀಮೆಯಿದು. ಇಲ್ಲಿ ದತ್ತಿ ಉಪನ್ಯಾಸವೆಂದರೆ ಸಾಹಿತ್ಯವೇ ಇರಬೇಕೆಂದು ಬಂದವರು ನಿರೀಕ್ಷಿಸುವುದು ಸಹಜ. ನಾನು ರಸಾಯನಶಾಸ್ತ್ರದ ಮೇಷ್ಟ್ರು. ನನಗೆ ಗೊತ್ತಿರುವುದನ್ನೇ ಹೇಳುತ್ತೇನೆ, ಆದರೆ ನಿಮ್ಮ ಅಟ್ಟದ ಮೇಲೆ ಒಂದು ಕಾಲಕ್ಕೆ ಇದ್ದ, ಕೆಲವರ ಅಟ್ಟದ ಮೇಲೆ ಇನ್ನೂ ಇರಬಹುದಾದ ಒಂದು ಪುಡಿಯನ್ನು ಹಿಡಿದುಕೊಂಡು ಹೇಳುತ್ತೇನೆ. ಅದು ಬಿಹೆಚ್‌ಸಿ ಪುಡಿ. ಕೆಲವರ ಬಾಯಲ್ಲಿ ಗಮಾಕ್ಸಿನ್. ಐವತ್ತು ದಾಟಿದವರಿಗೆ ಹೆಸರು ಮರೆತಿದ್ದರೂ ಅದರ ಮುಗ್ಗಲು ವಾಸನೆ ಮರೆತಿರಲಾರದು.

ಅರಿಶಿನ ಬೆಳೆಯುವ ಊರಾದ್ದರಿಂದ ಮೊದಲು ಅರಿಶಿನ. ಇಲ್ಲಿ ಎರಡು ಲೋಟಗಳಿವೆ. ಎರಡರಲ್ಲೂ ಅರಿಶಿನದ ನೀರು. ಒಂದಕ್ಕೆ ಎಲೆಗೆ ಹಚ್ಚುವ ಸುಣ್ಣವನ್ನು ಕಡಲೆಯಷ್ಟು ಹಾಕಿ ಕದಡುತ್ತೇನೆ. ಕೆಂಪಾಯಿತು. ಮದುಮಕ್ಕಳಿಗೂ ಬಾಣಂತಿಗೂ ಎತ್ತುವ ಆರತಿ ನೀರು ಇದೇ. ಈಗ ಅದೇ ಲೋಟಕ್ಕೆ ನಿಂಬೆಹಣ್ಣು ಹಿಂಡುತ್ತೇನೆ. ಮತ್ತೆ ಹಳದಿ. ನಡೆದದ್ದು ಇಷ್ಟು: ಅರಿಶಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಅಣುವಿನಲ್ಲಿ ಆಕ್ಸಿಜನ್‌ಗೆ ಅಂಟಿಕೊಂಡ ಹೈಡ್ರೋಜನ್‌ಗಳಿವೆ. ಸುಣ್ಣದ ನೀರಿನಲ್ಲಿರುವ ಹೈಡ್ರಾಕ್ಸೈಡ್ ಆ ಹೈಡ್ರೋಜನ್ನನ್ನು ಪ್ರೋಟಾನ್ ಆಗಿ ಕಿತ್ತುಕೊಳ್ಳುತ್ತದೆ, ಬಂಧದಲ್ಲಿದ್ದ ಎಲೆಕ್ಟ್ರಾನ್ ಜೋಡಿಯನ್ನು ಅಣುವಿನಲ್ಲೇ ಬಿಟ್ಟುಬಿಡುತ್ತದೆ. ಎಲೆಕ್ಟ್ರಾನ್‌ಗಳ ಹಂಚಿಕೆ ಬದಲಾಗಿ ಅಣು ಬೇರೆ ಬಣ್ಣದ ಬೆಳಕನ್ನು ಹೀರುತ್ತದೆ, ನಮ್ಮ ಕಣ್ಣಿಗೆ ಕೆಂಪು. ನಿಂಬೆಯ ಹುಳಿ ಪ್ರೋಟಾನನ್ನು ವಾಪಸು ಕೊಟ್ಟಿತು, ಬಣ್ಣವೂ ವಾಪಸು ಬಂತು.

ಸುಣ್ಣದಂಥ ಪ್ರತ್ಯಾಮ್ಲದ ಕಸುಬು ಇದೊಂದೇ, ಪ್ರೋಟಾನ್ ಕೀಳುವುದು. ಅರಿಶಿನದಲ್ಲಿ ಕಿತ್ತದ್ದನ್ನು ಹಿಂದಿರುಗಿಸಬಹುದು, ಏಕೆಂದರೆ ಅಣುವಿನಿಂದ ಬೇರೇನೂ ಹೊರಗೆ ಹೋಗಿಲ್ಲ. ಆದರೆ ಹೈಡ್ರೋಜನ್ ಒಂದು ಕಾರ್ಬನ್ ಮೇಲಿದ್ದು, ಪಕ್ಕದ ಕಾರ್ಬನ್ ಮೇಲೆ ಕ್ಲೋರಿನ್ನೋ ಬ್ರೋಮಿನ್ನೋ ಇದ್ದರೆ ಕಥೆ ಬೇರೆಯಾಗುತ್ತದೆ. ಪ್ರೋಟಾನ್ ಕಳಚುತ್ತಿದ್ದಂತೆ ಅದು ಬಿಟ್ಟ ಎಲೆಕ್ಟ್ರಾನ್ ಜೋಡಿ ಎರಡು ಕಾರ್ಬನ್‌ಗಳ ನಡುವೆ ಬಂದು ಕೂರುತ್ತದೆ, ಅಲ್ಲಿ ದ್ವಿಬಂಧ ಏಳುತ್ತದೆ, ಕ್ಲೋರಿನ್ ತನ್ನ ಬಂಧದ ಜೋಡಿಯನ್ನು ಎತ್ತಿಕೊಂಡು ಕ್ಲೋರೈಡ್ ಆಗಿ ಹೊರಟುಹೋಗುತ್ತದೆ. ಎಷ್ಟು ನಿಂಬೆಹಣ್ಣು ಹಿಂಡಿದರೂ ಅದು ಹಿಂದಿರುಗುವುದಿಲ್ಲ. ಇದೇ ಎಲಿಮಿನೇಷನ್ ಕ್ರಿಯೆ. ದ್ವಿತೀಯ ಪಿಯುಸಿ ಓದಿದವರು ‘ಆಲ್ಕೊಹಾಲಿಕ್ ಪೊಟ್ಯಾಷ್ ಹಾಕಿದರೆ ಆಲ್ಕೀನ್, ನೀರಿನ ಪೊಟ್ಯಾಷ್ ಹಾಕಿದರೆ ಆಲ್ಕೊಹಾಲ್’ ಎಂದು ಉರು ಹೊಡೆದದ್ದು ನೆನಪಿರಬಹುದು. ಆ ಸಾಲಿನ ಮೊದಲರ್ಧ ಇದು.

ಈ ಕ್ರಿಯೆ ಹೇಗೆ ಸಾಗುತ್ತದೆ ಎಂಬುದನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಇಂಗೋಲ್ಡ್ ಮತ್ತು ಹ್ಯೂಸ್ ಬಿಡಿಸಿಟ್ಟರು. ಮೂರು ದಾರಿಗಳಿವೆ. ಕ್ಲೋರಿನ್ ಮೊದಲು ತಾನಾಗಿ ಹೊರಟು ಪ್ರೋಟಾನ್ ಆಮೇಲೆ ಹೋಗುವುದು ಒಂದು, ಇ1. ಪ್ರೋಟಾನ್ ಮೊದಲು ಹೋಗಿ, ಋಣ ಕಾರ್ಬನ್ ಸ್ವಲ್ಪ ಹೊತ್ತು ಉಳಿದು, ಕ್ಲೋರಿನ್ ನಂತರ ಹೊರಡುವುದು ಇನ್ನೊಂದು, ಇ1ಸಿಬಿ. ಎರಡೂ ಒಂದೇ ಏಟಿಗೆ ನಡೆಯುವುದು ಇ2. ನಮಗೆ ಇಂದು ಬೇಕಾದದ್ದು ಈ ಕೊನೆಯದು. ಹೆಸರಿನಲ್ಲಿರುವ 2, ಕ್ರಿಯೆಯ ನಿರ್ಣಾಯಕ ಗಳಿಗೆಯಲ್ಲಿ ಪ್ರತ್ಯಾಮ್ಲ ಮತ್ತು ಕ್ಲೋರಿನ್ ಸಂಯುಕ್ತ ಎರಡೂ ಹಾಜರಿರಬೇಕೆಂಬುದರ ಗುರುತು. ಪ್ರತ್ಯಾಮ್ಲವನ್ನು ದುಪ್ಪಟ್ಟು ಮಾಡಿದರೆ ವೇಗವೂ ದುಪ್ಪಟ್ಟಾಗುತ್ತದೆ. ಹೈಡ್ರೋಜನ್ ಬದಲು ಅದರ ಭಾರದ ರೂಪವಾದ ಡ್ಯುಟೀರಿಯಮ್ ಇಟ್ಟರೆ ಕ್ರಿಯೆ ಐದಾರು, ಏಳು ಪಟ್ಟು ನಿಧಾನವಾಗುವುದುಂಟು. ಆ ಬಂಧ ಮುರಿಯುವುದೇ ನಿರ್ಣಾಯಕ ಹೆಜ್ಜೆಯಲ್ಲದಿದ್ದರೆ ಹೀಗಾಗಲು ಕಾರಣವಿಲ್ಲ.

ಒಂದೇ ಏಟಿಗೆ ಎಂದೆನಲ್ಲ, ಅದಕ್ಕೊಂದು ಷರತ್ತಿದೆ. ಇಡೀ ಉಪನ್ಯಾಸ ಆ ಷರತ್ತಿನ ಮೇಲೆ ನಿಂತಿದೆ. ಹೈಡ್ರೋಜನ್ ಬಿಟ್ಟುಹೋದ ಎಲೆಕ್ಟ್ರಾನ್‌ಗಳು ಸುಮ್ಮನೆ ಎಲ್ಲೆಂದರಲ್ಲಿ ನುಗ್ಗಲಾರವು. ಕಾರ್ಬನ್-ಕ್ಲೋರಿನ್ ಬಂಧ ಮುರಿಯಬೇಕಾದರೆ ಅವು ಆ ಬಂಧದ ಬೆನ್ನಿನ ಕಡೆಯಿಂದ ಒಳಗೆ ಬರಬೇಕು. ಕ್ಲೋರಿನ್‌ಗೆ ಸರಿಯಾಗಿ ಎದುರು ದಿಕ್ಕಿನಲ್ಲಿ ಒಂದು ಖಾಲಿ ಕಕ್ಷಕ ಇರುತ್ತದೆ, ಎಲೆಕ್ಟ್ರಾನ್‌ಗಳಿಗೆ ಜಾಗ ಇರುವುದು ಅಲ್ಲಿ. ಹಾಗಾಗಿ ಹೈಡ್ರೋಜನ್, ಅದರ ಕಾರ್ಬನ್, ಪಕ್ಕದ ಕಾರ್ಬನ್, ಕ್ಲೋರಿನ್ ಈ ನಾಲ್ಕೂ ಒಂದೇ ಸಮತಲದಲ್ಲಿದ್ದು, ಹೈಡ್ರೋಜನ್ ಮೇಲಕ್ಕಿದ್ದರೆ ಕ್ಲೋರಿನ್ ಕೆಳಕ್ಕೆ, ಅಂದರೆ 180 ಡಿಗ್ರಿಯಲ್ಲಿ ಇರಬೇಕು. ಈ ಭಂಗಿಗೆ ‘ಆ್ಯಂಟಿ’ ಎನ್ನುತ್ತಾರೆ. ಎರಡೂ ಒಂದೇ ಪಕ್ಕದಲ್ಲಿ ಒಂದೇ ಸಮತಲದಲ್ಲಿದ್ದರೂ ಕ್ರಿಯೆ ನಡೆಯಬಲ್ಲುದು, ಕೆಲವು ಬಿಗಿಯಾದ ಅಣುಗಳಲ್ಲಿ ನಡೆಯುತ್ತದೆ ಕೂಡ. ಆದರೆ ಸಾಮಾನ್ಯವಾಗಿ ಅದು ದುಬಾರಿ ದಾರಿ.

ನೇರ ಸರಪಳಿಯ ಅಣುವಿಗೆ ಈ ಷರತ್ತು ಅಷ್ಟೇನೂ ಭಾರವಲ್ಲ. ಬಂಧದ ಸುತ್ತ ತಿರುಗಿ ಬೇಕಾದ ಭಂಗಿಗೆ ಬರುತ್ತದೆ. ಆದರೂ ಷರತ್ತು ತನ್ನ ಗುರುತು ಬಿಟ್ಟೇ ಹೋಗುತ್ತದೆ. ಸ್ಟಿಲ್ಬೀನ್ ಡೈಬ್ರೋಮೈಡ್‌ನ ಮೀಸೋ ರೂಪದಿಂದ ಪ್ರತ್ಯಾಮ್ಲ ಹೈಡ್ರೋಜನ್ ಬ್ರೋಮೈಡ್ ತೆಗೆದರೆ ಸಿಗುವ ಆಲ್ಕೀನ್‌ನಲ್ಲಿ ಎರಡು ಫೀನೈಲ್ ಗುಂಪುಗಳು ಒಂದೇ ಪಕ್ಕದಲ್ಲಿರುತ್ತವೆ, ಡಿಎಲ್ ರೂಪದಿಂದ ತೆಗೆದರೆ ಎದುರು ಪಕ್ಕದಲ್ಲಿ. ವಿದ್ಯಾರ್ಥಿಗಳು ಇವತ್ತು ರಾತ್ರಿ ಕಾಗದದ ಮೇಲೆ ಬರೆದು ನೋಡಲಿ. ಉಂಗುರದ ಅಣುವಾದರೆ ಹಾಗಲ್ಲ, ಅದಕ್ಕೆ ಮನಬಂದಂತೆ ತಿರುಗುವ ಸ್ವಾತಂತ್ರ್ಯವಿಲ್ಲ. ಪುದೀನದ ಮೆಂಥಾಲ್ ನಿಮಗೆಲ್ಲ ಗೊತ್ತು, ನೆಗಡಿಯಾದಾಗ ಹಚ್ಚುವ ಮುಲಾಮಿನ ತಂಪು ಅದರದ್ದು. ಅದಕ್ಕೆ ಸಂಬಂಧಿಸಿದ ಎರಡು ಕ್ಲೋರೈಡ್‌ಗಳಿವೆ, ಮೆಂಥೈಲ್ ಮತ್ತು ನಿಯೊಮೆಂಥೈಲ್. ಪರಮಾಣುಗಳೂ ಜೋಡಣೆಯ ಕ್ರಮವೂ ಒಂದೇ, ವ್ಯತ್ಯಾಸ ಕ್ಲೋರಿನ್ ಉಂಗುರದ ಯಾವ ಮುಖದಲ್ಲಿದೆ ಎಂಬುದರಲ್ಲಿ ಮಾತ್ರ. ಸೋಡಿಯಂ ಎಥಾಕ್ಸೈಡ್ ಜೊತೆ ನಿಯೊಮೆಂಥೈಲ್ ಸುಮಾರು 200 ಪಟ್ಟು ವೇಗವಾಗಿ ವರ್ತಿಸುತ್ತದೆ. ಮೆಂಥೈಲ್ ಕ್ಲೋರೈಡ್ ತನ್ನ ಉಂಗುರವನ್ನು ಕಷ್ಟಪಟ್ಟು ತಿರುವಿ, ಉಂಗುರದ ಮೇಲಿರುವ ಮೂರು ಗುಂಪುಗಳನ್ನೂ ಇಕ್ಕಟ್ಟಿನ ಜಾಗಕ್ಕೆ ತಳ್ಳಿ ಆಮೇಲಷ್ಟೇ ಕ್ಲೋರಿನ್ ಬಿಡುತ್ತದೆ. ಬಿಟ್ಟಾಗಲೂ ಸೇಟ್ಜೆಫ್ ನಿಯಮ ಹೇಳುವ, ದ್ವಿಬಂಧದ ಸುತ್ತ ಹೆಚ್ಚು ಗುಂಪುಗಳಿರುವ ಆಲ್ಕೀನ್ ಕೊಡುವುದಿಲ್ಲ, ಆ ದಿಕ್ಕಿನಲ್ಲಿ ಆ್ಯಂಟಿ ಹೈಡ್ರೋಜನ್ ಇರುವುದೇ ಇಲ್ಲ. ಪರೀಕ್ಷೆಗೆ ನಿಯಮ ಬಾಯಿಪಾಠ ಮಾಡುವವರು ಇದನ್ನೂ ನೆನಪಿಡಬೇಕು.

ಇನ್ನು ನಮ್ಮ ಪುಡಿ.

1825ರಲ್ಲಿ ಮೈಕೇಲ್ ಫ್ಯಾರಡೆ ಬೆಂಜೀನನ್ನು ಕಂಡುಹಿಡಿದಾಗಲೇ ಅದನ್ನು ಕ್ಲೋರಿನ್ ಜೊತೆ ಬಿಸಿಲಿಗಿಟ್ಟು ನೋಡಿದ್ದ. ಉಂಗುರದ ಆರು ಕಾರ್ಬನ್‌ಗಳಿಗೂ ತಲಾ ಒಂದು ಕ್ಲೋರಿನ್ ಸೇರಿದ ವಸ್ತು ಬಂತು. ಆರು ಕಾರ್ಬನ್, ಆರು ಹೈಡ್ರೋಜನ್, ಆರು ಕ್ಲೋರಿನ್. ಇದೇ ಬೆಂಜೀನ್ ಹೆಕ್ಸಾಕ್ಲೋರೈಡ್, ಬಿಹೆಚ್‌ಸಿ. 1912ರಲ್ಲಿ ಡಚ್ ವಿಜ್ಞಾನಿ ವಾನ್ ಡರ್ ಲಿಂಡೆನ್ ಅದರೊಳಗೆ ಹಲವು ಐಸೋಮರ್‌ಗಳು, ಅಂದರೆ ಅದೇ ಪರಮಾಣುಗಳು ಬೇರೆ ಬೇರೆ ದಿಕ್ಕಿಗೆ ನಿಂತ ರೂಪಗಳು, ಇರುವುದನ್ನು ಬೇರ್ಪಡಿಸಿ ತೋರಿಸಿದ. ಹುಳ ಕೊಲ್ಲುವ ಗುಣ ಅವುಗಳ ಪೈಕಿ ಗಾಮಾ ಎಂಬ ಒಂದರದ್ದು ಎಂದು ಗೊತ್ತಾದದ್ದು 1940ರ ದಶಕದಲ್ಲಿ. ಲಿಂಡೆನ್‌ನ ಹೆಸರಿನಿಂದ ಶುದ್ಧ ಗಾಮಾಕ್ಕೆ ಲಿಂಡೇನ್ ಎಂಬ ಹೆಸರು ಬಂತು.

ಕಾರ್ಖಾನೆಯಲ್ಲಿ ಗಾಮಾವನ್ನು ಮಾತ್ರ ಮಾಡಲಾಗದು. ಬೆಂಜೀನ್‌ಗೆ ಕ್ಲೋರಿನ್ ಸೇರಿದಾಗ ಎಲ್ಲವೂ ಒಟ್ಟಿಗೇ ಬರುತ್ತವೆ: ನೂರಕ್ಕೆ 60ರಿಂದ 70 ಆಲ್ಫಾ, 5ರಿಂದ 12 ಬೀಟಾ, 10ರಿಂದ 15 ಗಾಮಾ, 6ರಿಂದ 10 ಡೆಲ್ಟಾ, 3-4 ಎಪ್ಸಿಲಾನ್. ಬೇರ್ಪಡಿಸುವುದಕ್ಕೆ ಖರ್ಚು. ಆದ್ದರಿಂದ ನಮ್ಮ ದೇಶದಲ್ಲಿ ಇಡೀ ಮಿಶ್ರಣವನ್ನೇ ಮಣ್ಣಿನ ಪುಡಿಯ ಜೊತೆ ಬೆರೆಸಿ ನೂರಕ್ಕೆ 10ರ ಪುಡಿಯಾಗಿ ಮಾರಿದರು. ಲೆಕ್ಕ ಹಾಕಿ. ಅಂಗಡಿಯಿಂದ 10 ಕಿಲೋ ಪುಡಿ ತಂದ ರೈತ ಹೊಲಕ್ಕೆ ಸುರಿದದ್ದು ಒಂದು ಕಿಲೋ ಬಿಹೆಚ್‌ಸಿ. ಅದರಲ್ಲಿ ಹುಳದ ಮೇಲೆ ಕೆಲಸ ಮಾಡಿದ್ದು 100ರಿಂದ 150 ಗ್ರಾಂ. ಮಿಕ್ಕ 850ರಿಂದ 900 ಗ್ರಾಂ ಹೊಲಕ್ಕೆ ಯಾವ ಉಪಯೋಗವೂ ಇಲ್ಲದೆ ಬಿದ್ದದ್ದು. ಅದರಲ್ಲಿ 50ರಿಂದ 120 ಗ್ರಾಂ ಬೀಟಾ. ಆ ಬೀಟಾದ ಬಗ್ಗೆಯೇ ನಾನು ಇವತ್ತು ಮಾತಾಡಲು ಬಂದಿರುವುದು. ಕಂಬಳಿಹುಳಕ್ಕೆ, ಜಿಗಿಹುಳಕ್ಕೆ, ಗೆದ್ದಲಿಗೆ, ದನದ ಮೈಮೇಲಿನ ಉಣ್ಣೆಗೆ, ಮನೆಯ ಇರುವೆಗೆ, ಎಲ್ಲಕ್ಕೂ ಒಂದೇ ಪುಡಿ. ಬರಿಗೈಯಲ್ಲಿ ಎರಚುತ್ತಿದ್ದರು. ಬೆಳಗಿನ ಇಬ್ಬನಿ ಆರುವ ಮುಂಚೆ ಎರಚಿದರೆ ಎಲೆಗೆ ಚೆನ್ನಾಗಿ ಹಿಡಿಯುತ್ತದೆಂದು ತಿಳಿದವರು ಹೇಳುತ್ತಿದ್ದರು. ಅದೂ ಸರಿಯಾದ ಮಾತೇ.

ಮೇಜಿನ ಮೇಲಿರುವ ಈ ಮಾದರಿಗಳನ್ನು ನೋಡಿ. ಹಿಂದಿನ ಸಾಲಿನವರು ಹತ್ತಿರ ಬರಬಹುದು. ಜೇಡಿಮಣ್ಣಿನ ಆರು ಉಂಡೆ, ತೆಂಗಿನ ಗರಿಯ ಕಡ್ಡಿ. ಉಂಗುರ ಚಪ್ಪಟೆಯಾಗಿಲ್ಲ, ಆರಾಮಕುರ್ಚಿಯ ಹಾಗೆ ಒಂದು ತುದಿ ಮೇಲೆ, ಒಂದು ತುದಿ ಕೆಳಗೆ. ಪ್ರತಿ ಉಂಡೆಗೂ ಎರಡು ಕಡ್ಡಿ ಚುಚ್ಚಿದ್ದೇನೆ. ಒಂದು ನೆಟ್ಟಗೆ ಮೇಲಕ್ಕೋ ಕೆಳಕ್ಕೋ ನಿಂತಿದೆ, ಇನ್ನೊಂದು ಪಕ್ಕಕ್ಕೆ ಚಾಚಿದೆ. ನೆಟ್ಟನೆಯ ಕಡ್ಡಿಗಳು ಒಂದು ಉಂಡೆಯಲ್ಲಿ ಮೇಲಕ್ಕಿದ್ದರೆ ಪಕ್ಕದ ಉಂಡೆಯಲ್ಲಿ ಕೆಳಕ್ಕೆ. ಅಂದರೆ ಅಕ್ಕಪಕ್ಕದ ಎರಡು ನೆಟ್ಟನೆಯ ಕಡ್ಡಿಗಳು ಯಾವಾಗಲೂ ಒಂದಕ್ಕೊಂದು ಆ್ಯಂಟಿ. ಕಡ್ಡಿಯ ತುದಿಗೆ ಕುಂಕುಮ ಹಚ್ಚಿದ ಗೋಲಿ ಕ್ಲೋರಿನ್, ಬಿಳಿ ಗೋಲಿ ಹೈಡ್ರೋಜನ್.

ಮೊದಲನೆಯದು ಗಾಮಾ. ಮೂರು ಕ್ಲೋರಿನ್ ನೆಟ್ಟಗೆ, ಮೂರು ಪಕ್ಕಕ್ಕೆ. ನೆಟ್ಟಗಿರುವ ಈ ಕುಂಕುಮದ ಗೋಲಿಯ ಪಕ್ಕದ ಉಂಡೆಯಲ್ಲಿ ನೋಡಿ, ನೆಟ್ಟಗೆ ಕೆಳಕ್ಕೆ ಬಿಳಿ ಗೋಲಿ. ಹೈಡ್ರೋಜನ್ ಕೆಳಗೆ, ಕ್ಲೋರಿನ್ ಮೇಲೆ, ಪಕ್ಕಾ 180 ಡಿಗ್ರಿ. ಸುಣ್ಣವೋ ಪೊಟ್ಯಾಷೋ ಬಂದರೆ ಈ ಜೋಡಿ ಕಳಚುತ್ತದೆ, ಆಮೇಲೆ ಮತ್ತೊಂದು, ಮಗದೊಂದು. ಮೂರು ಹೈಡ್ರೋಜನ್ ಕ್ಲೋರೈಡ್ ಕಳೆದುಕೊಂಡು ಟ್ರೈಕ್ಲೋರೊಬೆಂಜೀನ್ ಆಗಿ ನಿಲ್ಲುತ್ತದೆ.

ಎರಡನೆಯದು ಬೀಟಾ. ನೋಡಲು ಎಷ್ಟು ಚೆಂದ! ಆರೂ ಕ್ಲೋರಿನ್‌ಗಳು ಪಕ್ಕಕ್ಕೆ ಚಾಚಿವೆ, ಆರೂ ಹೈಡ್ರೋಜನ್‌ಗಳು ನೆಟ್ಟಗೆ ನಿಂತಿವೆ. ದೊಡ್ಡ ದೊಡ್ಡ ಕ್ಲೋರಿನ್‌ಗಳು ಒಂದಕ್ಕೊಂದು ತಾಕದಂತೆ ದೂರ ದೂರ. ಈಗ ಯಾವ ಹೈಡ್ರೋಜನ್ ಎದುರಿಗೆ ಕ್ಲೋರಿನ್ ಇದೆ ಹುಡುಕಿ. ಇಲ್ಲ. ಹೈಡ್ರೋಜನ್ ಎದುರಿಗೆ ಹೈಡ್ರೋಜನ್. ಮೆಂಥೈಲ್ ಮಾಡಿದಂತೆ ಉಂಗುರ ತಿರುವಿದರೋ? ತಿರುವುತ್ತೇನೆ. ಈಗ ಆರೂ ಕ್ಲೋರಿನ್ ನೆಟ್ಟಗೆ ಬಂದವು, ಇಕ್ಕಟ್ಟು. ಆದರೂ ಕ್ಲೋರಿನ್ ಎದುರಿಗೆ ಕ್ಲೋರಿನ್ನೇ ಬಂತು. ಈ ಕುರ್ಚಿಯಲ್ಲೂ ಆ ಕುರ್ಚಿಯಲ್ಲೂ ಪ್ರತ್ಯಾಮ್ಲಕ್ಕೆ ಹಿಡಿಯಲು ಜೋಡಿಯೇ ಇಲ್ಲ. ಬೀಟಾದಲ್ಲಿ ಅಕ್ಕಪಕ್ಕದ ಹೈಡ್ರೋಜನ್-ಕ್ಲೋರಿನ್ ಇರುವುದು ಉಂಗುರದ ಒಂದೇ ಮುಖದಲ್ಲಿ. ಈ ಸೂತ್ರಕ್ಕೆ ಕನ್ನಡಿ ಬಿಂಬವನ್ನೂ ಸೇರಿಸಿ ಸಾಧ್ಯವಿರುವ ರೂಪಗಳು ಒಂಬತ್ತು. ಅವುಗಳಲ್ಲಿ ಹೀಗೆ ಒಂದೂ ಆ್ಯಂಟಿ ಜೋಡಿ ಇಲ್ಲದ್ದು ಬೀಟಾ ಒಂದೇ.

ಅಮೆರಿಕದ ಸ್ಟ್ಯಾನ್ಲಿ ಕ್ರಿಸ್ಟಾಲ್ ಎಂಬ ರಸಾಯನ ವಿಜ್ಞಾನಿ 1945ರಲ್ಲಿ ಡಿಡಿಟಿಯ ಮೇಲೆ ಪ್ರತ್ಯಾಮ್ಲ ಎಷ್ಟು ವೇಗವಾಗಿ ವರ್ತಿಸುತ್ತದೆಂದು ಅಳೆದಿದ್ದರು. ಎರಡು ವರ್ಷದ ನಂತರ ಅದೇ ಕೆಲಸವನ್ನು ಬಿಹೆಚ್‌ಸಿಯ ಐಸೋಮರ್‌ಗಳ ಮೇಲೆ ಮಾಡಿದರು. ಆಗ ಗೊತ್ತಿದ್ದ ಐಸೋಮರ್‌ಗಳಲ್ಲಿ ಬೀಟಾ ಬಿಟ್ಟರೆ ಉಳಿದವುಗಳ ನಡುವೆ ವೇಗದ ವ್ಯತ್ಯಾಸ ಹೆಚ್ಚೇನಿಲ್ಲ, ಅತಿ ವೇಗದ್ದು ಅತಿ ನಿಧಾನದ್ದಕ್ಕಿಂತ ಸುಮಾರು ಮೂರು ಪಟ್ಟು. ಬೀಟಾ ಮಾತ್ರ ಆ ಅತಿ ನಿಧಾನದ್ದಕ್ಕಿಂತಲೂ 7000 ಪಟ್ಟು ನಿಧಾನ. ಆ್ಯಂಟಿ ಷರತ್ತಿಗೆ ಇದಕ್ಕಿಂತ ಚೊಕ್ಕ ಪುರಾವೆ ಸಿಗುವುದು ಕಷ್ಟ. ಜಗತ್ತಿನ ಪಠ್ಯಪುಸ್ತಕಗಳಲ್ಲಿ ಈ ಅಂಕಿ ಇವತ್ತಿಗೂ ಅಚ್ಚಾಗುತ್ತಿದೆ. ಬೀಟಾ ಕೊನೆಗೂ ಕ್ಲೋರಿನ್ ಬಿಡುವಾಗ ಬಹುಶಃ ಇ2 ದಾರಿಯನ್ನೇ ಬಿಟ್ಟು, ಮೊದಲು ಪ್ರೋಟಾನ್ ಕಳೆದುಕೊಂಡು ಋಣ ಕಾರ್ಬನ್ನಿನ ದಾರಿ ಹಿಡಿಯುತ್ತದೆ. 1953ರಲ್ಲಿ ಕ್ರಿಸ್ಟಾಲ್ ಡ್ಯುಟೀರಿಯಮ್ ಇರುವ ಆಲ್ಕೊಹಾಲಿನಲ್ಲಿ ಈ ಕ್ರಿಯೆಯನ್ನು ಅರ್ಧಕ್ಕೆ ನಿಲ್ಲಿಸಿ ನೋಡಿದಾಗ, ಉಳಿದ ಬೀಟಾದಲ್ಲಿ ಡ್ಯುಟೀರಿಯಮ್ ಅತ್ಯಲ್ಪವಾಗಿ ಸೇರಿತ್ತು. ಪ್ರೋಟಾನ್ ಹೋಗಿ, ಕ್ಲೋರಿನ್ ಹೊರಡುವ ಮೊದಲೇ ಬೇರೊಂದು ಬಂದು ಕೂತದ್ದರ ಸುಳಿವು ಅದು.

ಇಸವಿಯನ್ನು ಮತ್ತೊಮ್ಮೆ ಗಮನಿಸಿ. 1947. ನಮ್ಮ ಹೊಲಗಳಿಗೆ ಬಿಹೆಚ್‌ಸಿ ಮೂಟೆಗಟ್ಟಲೆ ಇಳಿಯುವ ಮುಂಚೆಯೇ, ಇದರೊಳಗಿನ ಒಂದು ಪಾಲು ಸುಲಭಕ್ಕೆ ಮುರಿಯುವುದಿಲ್ಲ ಎಂದು ಅಚ್ಚಾಗಿತ್ತು. ನಿಷೇಧ ಬಂದದ್ದು 1997ರ ಏಪ್ರಿಲ್ 1ರಿಂದ. ಐವತ್ತು ವರ್ಷ. ಪ್ರಯೋಗಾಲಯದ ಆಲ್ಕೊಹಾಲಿನಲ್ಲಿ ನಿಧಾನವಾದದ್ದು ಹೊಲದ ಮಣ್ಣಿನಲ್ಲೂ ನಿಧಾನವಾಗಲೇಬೇಕೆಂದಿಲ್ಲ, ಮಣ್ಣಿನಲ್ಲಿ ಸೂಕ್ಷ್ಮಜೀವಿಗಳಿವೆ, ಗಾಳಿ ಬಿಸಿಲುಗಳಿವೆ ಎಂದು ಆಗ ವಾದಿಸಬಹುದಿತ್ತು. ವಾದಿಸಿದ್ದರೆ ಪರೀಕ್ಷೆಯಾದರೂ ಆಗುತ್ತಿತ್ತು. ಪ್ರಶ್ನೆಯನ್ನೇ ಎತ್ತದೆ ಐದು ವಸ್ತುಗಳಿಗೆ ಒಂದೇ ಹೆಸರಿನ ಪರವಾನಗಿ ಕೊಟ್ಟದ್ದು ನನ್ನ ತಕರಾರು. ಚೀಲದ ಮೇಲೆ ಅಚ್ಚಾದ ಶೇಕಡಾ 10 ಎಂಬ ಅಂಕಿಯಲ್ಲಿ ಗಾಮಾವೂ ಇತ್ತು, ಬೀಟಾವೂ ಇತ್ತು, ಯಾವುದು ಎಷ್ಟೆಂದು ರೈತನಿಗೆ ತಿಳಿಯುವ ದಾರಿ ಇರಲಿಲ್ಲ.

ಹೊಲದಲ್ಲಿ ಆದದ್ದು ಕ್ರಿಸ್ಟಾಲ್‌ನ ಫ್ಲಾಸ್ಕಿನಲ್ಲಿ ಆದದ್ದಕ್ಕೆ ಬಹಳ ದೂರವೇನಿರಲಿಲ್ಲ. ಐಸೋಮರ್‌ಗಳಲ್ಲಿ ಬೀಟಾವೇ ಹೆಚ್ಚು ಕಾಲ ಉಳಿಯುತ್ತದೆ. ಮೇವಿನಿಂದ ಹಸುವಿಗೆ, ಹಾಲಿನಿಂದ ಮನುಷ್ಯನಿಗೆ, ತಾಯಿಯಿಂದ ಮಗುವಿಗೆ ಸಾಗುತ್ತದೆ, ಕೊಬ್ಬಿನಲ್ಲಿ ನೆಲೆಸುತ್ತದೆ. ಲಿಂಡೇನ್ ಮನುಷ್ಯನ ರಕ್ತದಿಂದ ದಿನಗಳಲ್ಲಿ ಇಳಿದುಹೋದರೆ, ಬೀಟಾ ಅರ್ಧಕ್ಕಿಳಿಯಲು ಸುಮಾರು 7 ವರ್ಷ ಬೇಕು. ಹಾಗೆಂದು ಲಿಂಡೇನ್ ಸಾಧುವಲ್ಲ. ಅದು ನರಮಂಡಲದ ವಿಷ. ಅದರ ತಯಾರಿಕೆ 2011ರಲ್ಲಿ, ಬಳಕೆ 2013ರಲ್ಲಿ ನಮ್ಮಲ್ಲಿ ನಿಂತಿತು. ಪರಿಸರದಲ್ಲಿ ಬಹುಕಾಲ ಉಳಿಯುವ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದ 2009ರಲ್ಲಿ ಆಲ್ಫಾ, ಬೀಟಾ, ಲಿಂಡೇನ್ ಮೂರನ್ನೂ ಬೇರೆ ಬೇರೆ ಹೆಸರಿಟ್ಟೇ ಪಟ್ಟಿಗೆ ಸೇರಿಸಿತು. ತಡವಾದರೂ ಅಲ್ಲಿ ಅಣುವಿನ ಆಕಾರಕ್ಕೆ ಕಾನೂನಿನ ಮನ್ನಣೆ ಸಿಕ್ಕಿತು.

ಇಷ್ಟು ಕೇಳಿದವರು ಎಲಿಮಿನೇಷನ್ ನಡೆದರೆ ಒಳ್ಳೆಯದು, ನಡೆಯದಿದ್ದರೆ ಕೆಟ್ಟದ್ದು ಎಂದುಕೊಳ್ಳಬಹುದು. ಡಿಡಿಟಿಯ ಕಥೆ ಕೇಳಿದರೆ ಆ ತೀರ್ಮಾನ ನಿಲ್ಲುವುದಿಲ್ಲ. ಜೈಡ್ಲರ್ 1874ರಲ್ಲಿ ಅದನ್ನು ತಯಾರಿಸಿದ, 1939ರಲ್ಲಿ ಪಾಲ್ ಮ್ಯೂಲರ್ ಅದರ ಕೀಟನಾಶಕ ಗುಣ ಕಂಡ, 1948ರಲ್ಲಿ ನೊಬೆಲ್ ಪಡೆದ. 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದಿಂದ ಮುಂದೆ ನಮ್ಮ ಹಳ್ಳಿಗಳ ಗೋಡೆಗಳಿಗೆ ಬೆನ್ನಿಗೆ ಪಂಪು ಕಟ್ಟಿಕೊಂಡವರು ಬಂದು ಹೊಡೆದದ್ದು ಇದನ್ನೇ. ಡಿಡಿಟಿ ಬಿಗಿಯಾದ ಉಂಗುರವಲ್ಲ. ಮಧ್ಯದ ಕಾರ್ಬನ್ ಮೇಲೆ ಒಂದು ಹೈಡ್ರೋಜನ್, ಪಕ್ಕದ ಕಾರ್ಬನ್ ಮೇಲೆ ಮೂರು ಕ್ಲೋರಿನ್. ಬಂಧ ಯಾವ ಕಡೆಗೆ ತಿರುಗಿದರೂ ಯಾವುದಾದರೊಂದು ಕ್ಲೋರಿನ್ ಎದುರಿಗೆ ಸಿಗುತ್ತದೆ. ಪ್ರತ್ಯಾಮ್ಲ ಬಂದರೆ ಸಲೀಸಾಗಿ ಹೈಡ್ರೋಜನ್ ಕ್ಲೋರೈಡ್ ಬಿಟ್ಟು ಡಿಡಿಇ ಆಗುತ್ತದೆ. ಡಿಡಿಟಿಗೂ ಬಿಹೆಚ್‌ಸಿಗೂ ಸುಣ್ಣ ಬೆರೆಸಬೇಡಿ, ಬೋರ್ಡೋ ದ್ರಾವಣದ ಜೊತೆ ಸೇರಿಸಬೇಡಿ ಎಂದು ಕೃಷಿ ಕೈಪಿಡಿಗಳಲ್ಲಿ ಬರೆಯುತ್ತಿದ್ದ ಎಚ್ಚರಿಕೆಯ ಹಿಂದೆ ಇರುವುದು ಈ ಇ2 ಕ್ರಿಯೆಯೇ.

ಈ ರಸಾಯನವನ್ನು ನೊಣ ನಮಗಿಂತ ಚೆನ್ನಾಗಿ ಬಳಸಿಕೊಂಡಿತು. ಡಿಡಿಟಿಗೆ ಜಗ್ಗದ ಮನೆನೊಣಗಳ ಮೈಯಲ್ಲಿ ಡಿಡಿಟಿಯಿಂದ ಹೈಡ್ರೋಜನ್ ಕ್ಲೋರೈಡ್ ಕಳಚುವ ಕಿಣ್ವವೊಂದನ್ನು ಇಲಿನಾಯ್ ವಿಶ್ವವಿದ್ಯಾಲಯದ ಸ್ಟರ್ನ್‌ಬರ್ಗ್, ಕರ್ನ್ಸ್ ಮತ್ತು ಜೊತೆಗಾರರು 1954ರಲ್ಲಿ ವಿವರಿಸಿದರು. ಅದಕ್ಕೆ ಗ್ಲೂಟಾಥಯೋನ್ ಎಂಬ ಗಂಧಕದ ಅಣು ಬೇಕು. ಪ್ರೋಟಾನ್ ಕೀಳುವ ಕೆಲಸ ಅದರದ್ದು. ನೊಣಕ್ಕೆ ಡಿಡಿಇ ವಿಷವಲ್ಲ, ಬದುಕಿಕೊಂಡಿತು. ಆದರೆ ಡಿಡಿಇಯಲ್ಲಿ ಇನ್ನು ಕಳಚಲು ಅಂಥ ಹೈಡ್ರೋಜನ್ ಉಳಿದಿಲ್ಲ. ಅಲ್ಲಿಗೆ ದಾರಿ ಮುಗಿಯಿತು. ಅದು ಡಿಡಿಟಿಗಿಂತ ಗಟ್ಟಿ, ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹದ್ದು ಗಿಡುಗಗಳ ಮೊಟ್ಟೆಯ ಚಿಪ್ಪು ತೆಳುವಾಗಲು ಕಾರಣ ಡಿಡಿಟಿಗಿಂತ ಮುಖ್ಯವಾಗಿ ಈ ಡಿಡಿಇ. ನಮ್ಮಲ್ಲಿ ಬೇಸಾಯಕ್ಕೆ ಡಿಡಿಟಿ 1989ರಲ್ಲಿ ನಿಂತಿತು.

ಇಲ್ಲಿ ಕಾಸರಗೋಡಿನ ಎಂಡೋಸಲ್ಫಾನ್ ನೆನಪಾಗದವರು ಇರಲಾರರು. ಅದೂ ಕ್ಲೋರಿನ್ ಸಂಯುಕ್ತವೇ. ಆದರೆ ಅದು ಕ್ಷಾರದಲ್ಲಿ ಮುರಿಯುವ ಬಗೆ ಬೇರೆ, ಅಲ್ಲಿ ನೀರಿನಂಶ ಸೇರಿ ಗಂಧಕದ ಭಾಗ ಕಳಚುತ್ತದೆ. ಅದರ ಸಾಮಾಜಿಕ ಕಥೆ ಇನ್ನೂ ದೊಡ್ಡದು. ಅದಕ್ಕೆ ಪ್ರತ್ಯೇಕ ಉಪನ್ಯಾಸವೇ ಬೇಕು.

ಬೀಟಾವನ್ನು ಯಾರೂ ಮುರಿಯಲಾರರೇ? ಮುರಿಯುವವರಿದ್ದಾರೆ, ಕಣ್ಣಿಗೆ ಕಾಣದವರು. ಕಟಕ್‌ನ ಕೇಂದ್ರೀಯ ಅಕ್ಕಿ ಸಂಶೋಧನಾ ಸಂಸ್ಥೆಯ ಸೇತುನಾಥನ್ ಮತ್ತು ಸಹೋದ್ಯೋಗಿಗಳು ಆಲ್ಫಾ, ಬೀಟಾ, ಗಾಮಾ ಮೂರನ್ನೂ ಮುರಿಯಬಲ್ಲ ಮಣ್ಣಿನ ಬ್ಯಾಕ್ಟೀರಿಯಾವೊಂದನ್ನು 1990ರಲ್ಲಿ ವರದಿ ಮಾಡಿದರು. ಮುಂದೆ ಅದಕ್ಕೆ ಸ್ಫಿಂಗೋಬಿಯಮ್ ಇಂಡಿಕಮ್ ಎಂಬ ಹೆಸರು ಬಂತು, ಇಂಡಿಕಮ್ ಅಂದರೆ ನಮ್ಮ ದೇಶದ್ದು. ನಮಗೆ ಇನ್ನೂ ಹತ್ತಿರ ಮೈಸೂರು. ಅಲ್ಲಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಎಚ್.ಕೆ. ಮನೋನ್ಮಣಿ, ಎ.ಎ.ಎಂ. ಕುನ್ಹಿ ಮೊದಲಾದವರು ಒಂದೇ ಬ್ಯಾಕ್ಟೀರಿಯಾದ ಬದಲು ಹಲವು ಸೂಕ್ಷ್ಮಜೀವಿಗಳ ಗುಂಪನ್ನೇ ಸ್ವಲ್ಪಸ್ವಲ್ಪವಾಗಿ ಈ ವಿಷಕ್ಕೆ ಒಗ್ಗಿಸಿ, ಆಲ್ಫಾ ಐಸೋಮರ್ ಬೇಗ ಮುರಿಯುವಂತೆ ಮಾಡಿದ ಕೆಲಸವನ್ನು 2000ದಲ್ಲಿ ಪ್ರಕಟಿಸಿದರು. ಚಾಮರಾಜನಗರದಿಂದ ಒಂದೆರಡು ಗಂಟೆಯ ಬಸ್ಸಿನ ದಾರಿ. ವಿದ್ಯಾರ್ಥಿಗಳು ಒಮ್ಮೆ ಹೋಗಿ ನೋಡಿ ಬರಬೇಕು.

ಈ ಬ್ಯಾಕ್ಟೀರಿಯಾಗಳ ಕಿಣ್ವಗಳಲ್ಲೂ ಆ್ಯಂಟಿ ಷರತ್ತು ತಪ್ಪಿಲ್ಲ. ಲಿನ್‌ಎ ಎಂಬ ಕಿಣ್ವದಲ್ಲಿ ಹಿಸ್ಟಿಡೀನ್ ಎಂಬ ಅಮೈನೋ ಆಮ್ಲ ಪ್ರತ್ಯಾಮ್ಲದ ಕೆಲಸ ಮಾಡುತ್ತದೆ. ನೆಟ್ಟಗಿರುವ ಹೈಡ್ರೋಜನ್ನನ್ನು ಕಿತ್ತು, ಎದುರಿನ ನೆಟ್ಟನೆಯ ಕ್ಲೋರಿನ್ನನ್ನು ಹೊರಡಿಸುತ್ತದೆ. ಗಾಮಾ, ಆಲ್ಫಾ, ಡೆಲ್ಟಾಗಳ ಮೇಲೆ ಅದು ಕೆಲಸ ಮಾಡುತ್ತದೆ. ಬೀಟಾ ಸಿಕ್ಕರೆ ಕೈಚೆಲ್ಲುತ್ತದೆ. ಬೀಟಾದ ಮೇಲೆ ಕೈ ಮಾಡುವುದು ಲಿನ್‌ಬಿ ಎಂಬ ಬೇರೊಂದು ಕಿಣ್ವ, ಅದೂ ಬೇರೆ ಉಪಾಯದಿಂದ: ಎಲಿಮಿನೇಷನ್ ಗೊಡವೆಗೇ ಹೋಗದೆ ಕ್ಲೋರಿನ್ ಜಾಗಕ್ಕೆ ನೀರಿನ ಹೈಡ್ರಾಕ್ಸಿಲ್ ಕೂರಿಸುತ್ತದೆ. ಎಷ್ಟೋ ಪಠ್ಯಪುಸ್ತಕಗಳಿಗಿಂತ ಅಚ್ಚುಕಟ್ಟಾಗಿ ಈ ಜೀವಿಗಳು ತ್ರಿವಿಮ ರಸಾಯನಶಾಸ್ತ್ರವನ್ನು ಪಾಲಿಸುತ್ತವೆ.

ಸಭೆ ಶುರುವಾಗುವ ಮುನ್ನ ಟೀ ಕುಡಿಯುವಾಗ ಇಲ್ಲಿಯ ಹಿರಿಯರೊಬ್ಬರು ನನ್ನನ್ನು ಕೇಳಿದರು: “ಮೇಷ್ಟ್ರೇ, ಅಂಗಾದ್ರ ಹಳೇ ಪುಡಿ ಮ್ಯಾಲ ಸುಣ್ಣ ಸುರುದ್ಬುಟ್ರ ಇಸ ಓಗಲ್ವಾ?” ಕೇಳಬೇಕಾದ ಪ್ರಶ್ನೆಯೇ. ಕಾರ್ಖಾನೆಗಳು ಬೇಡದ ಐಸೋಮರ್‌ಗಳನ್ನು ಸುಣ್ಣದ ಜೊತೆ ಕಾಯಿಸಿ ಟ್ರೈಕ್ಲೋರೊಬೆಂಜೀನ್ ಮಾಡಿದ್ದೂ ಉಂಟು. ಪುಡಿಯ ಗುಣಮಟ್ಟ ಅಳೆಯುವ ಪ್ರಯೋಗಾಲಯಗಳೂ ಇದೇ ಕ್ರಿಯೆಯನ್ನು ನೆಚ್ಚಿದ್ದವು. ತೂಗಿದ ಪುಡಿಯನ್ನು ಆಲ್ಕೊಹಾಲಿಕ್ ಪೊಟ್ಯಾಷ್‌ನಲ್ಲಿ ಕಾಯಿಸಿ, ಮೊದಲು ನೈಟ್ರಿಕ್ ಆಮ್ಲದಿಂದ ಹುಳಿಯಾಗಿಸಿ, ಆಮೇಲೆ ಸಿಲ್ವರ್ ನೈಟ್ರೇಟ್ ಹಾಕುತ್ತಿದ್ದರು. ಹುಳಿಯಾಗಿಸುವುದನ್ನು ಮರೆತರೆ ಕಂದು ಬಣ್ಣದ ಸಿಲ್ವರ್ ಆಕ್ಸೈಡ್ ಬಂದು ಲೆಕ್ಕ ಕೆಡುತ್ತದೆ, ಪ್ರಾಕ್ಟಿಕಲ್‌ನಲ್ಲಿ ನಮ್ಮ ಹುಡುಗರು ವರ್ಷಾವರ್ಷ ಮಾಡುವ ಎಡವಟ್ಟು. ಸರಿಯಾಗಿ ಮಾಡಿದರೆ ಬಿಳಿಯ ಸಿಲ್ವರ್ ಕ್ಲೋರೈಡ್ ತಳಕ್ಕಿಳಿಯುತ್ತದೆ. ಅದರ ತೂಕದಿಂದ ಹೊರಟ ಕ್ಲೋರಿನ್ ಎಷ್ಟೆಂದು ಹೇಳಬಹುದು. ಹದವಾಗಿ ಕಾಯಿಸಿದರೆ ಆ ಲೆಕ್ಕದಲ್ಲಿ ಬೀಟಾ ಬರುವುದಿಲ್ಲ, ಅದು ಹಾಗೆಯೇ ಉಳಿದಿರುತ್ತದೆ.

ಆದ್ದರಿಂದ ಆ ಹಿರಿಯರಿಗೆ ನನ್ನ ಉತ್ತರ: ಸುಣ್ಣ ಸುರಿಯಬೇಡಿ. ಒಣ ಪುಡಿಯ ಮೇಲೆ ಒಣ ಸುಣ್ಣ ಬಿದ್ದರೆ ಆಗುವುದು ಅರೆಬರೆ ಕ್ರಿಯೆ. ಆದಷ್ಟರಲ್ಲಿ ಹುಟ್ಟುವ ಟ್ರೈಕ್ಲೋರೊಬೆಂಜೀನ್ ಕೂಡ ಉಸಿರಿಗೆ ಒಳ್ಳೆಯದಲ್ಲ. ಬೀಟಾ ಅಂತೂ ಜಗ್ಗುವುದಿಲ್ಲ. ಸುಟ್ಟರೆ ಹೊಗೆಯಲ್ಲಿ ಡಯಾಕ್ಸಿನ್‌ನಂಥ ಇನ್ನೂ ಘೋರವಾದವು ಬರಬಹುದು. ಬಾವಿ, ಕೆರೆ, ಕಾಲುವೆ, ತಿಪ್ಪೆ ಎಲ್ಲಿಗೂ ಎಸೆಯಬಾರದು, ಹೂಳಲೂ ಬಾರದು. ಹಳೆಯ ಮನೆಯ ಅಟ್ಟದಲ್ಲೋ ಪಂಪ್‌ಸೆಟ್ ಮನೆಯ ಮೂಲೆಯಲ್ಲೋ ಮುಗ್ಗಲು ವಾಸನೆಯ ಬಿಳಿ ಅಥವಾ ಬೂದು ಪುಡಿಯ ಡಬ್ಬವೋ ಚೀಲವೋ ಸಿಕ್ಕರೆ ಮೂಸಿ ನೋಡಲು ಹೋಗಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ಇದ್ದ ಹಾಗೆಯೇ ಇನ್ನೊಂದು ಗಟ್ಟಿ ಡಬ್ಬಕ್ಕಿಟ್ಟು ಮುಚ್ಚಿ, ಮಕ್ಕಳಿಗೂ ದನಕರುಗಳಿಗೂ ಎಟುಕದಂತೆ ಇರಿಸಿ, ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬರವಣಿಗೆಯಲ್ಲಿ ತಿಳಿಸಿ. ತೆಗೆದುಕೊಂಡು ಹೋಗುವ ವ್ಯವಸ್ಥೆಯಿಲ್ಲ ಎಂದು ಅವರು ಹೇಳಿದರೆ ಅದನ್ನೂ ಬರವಣಿಗೆಯಲ್ಲೇ ಕೇಳಿ, ಪಂಚಾಯಿತಿಯ ಗ್ರಾಮಸಭೆಯಲ್ಲಿ ಆ ಕಾಗದ ಓದಿಸಿ, ವಿಲೇವಾರಿಗೆ ದಾರಿ ಮಾಡಿಕೊಡುವಂತೆ ಪಟ್ಟು ಹಿಡಿಯಿರಿ.